ತಟ್ಟೆಯಲ್ಲೊಂದು ಕಲ್ಲು

ತಿಂದು ಐದೇ ನಿಮಿಷ. ಮತ್ತೆ ಅದೇ ಸದ್ದು,
ನೀರು ಸಿಗದ ಹಳೇ ಪಂಪು ಎಳೆದ ಹಾಗೆ.
ಪುಚ್ಚೆ ಹಿಂದೆ ಹಿಂದೆ ಸರಿದು
ಒರೆಸಲು ಸುಲಭದ ಕಾವಿ ನೆಲ ಬಿಟ್ಟು
ಚಾಪೆಯ ಮೇಲೇ ಕಕ್ಕುತ್ತದೆ.
ಅಗಿಯದ ಬೂತಾಯಿ, ಇಡೀ ಇಡೀ,
ತೊಳೆದರೆ ಮತ್ತೆ ಮಾರಬಹುದು.

ಕೂದಲುಂಡೆ ಎಂದರು ಮಹಡಿಯ ಐಡಾ ಬಾಯಿ.
ಹುಲ್ಲು ತಿನ್ನಿಸಿ ಎಂದ ರಿಕ್ಷಾದ ಮೋನಪ್ಪ.
ಕದ್ರಿಯ ಡಾಕ್ಟ್ರು ಹೊಟ್ಟೆ ಒತ್ತಿ ನೋಡಿ
"ರೋಗ ಅಲ್ಲ, ಆತುರ.
ಎಲ್ಲಿ ಸಿಕ್ಕಿದ್ದು ಇದು?"
ಬಂದರಿನಲ್ಲಿ. ಐಸು ಪೆಟ್ಟಿಗೆಗಳ ಸಂದಿಯಲ್ಲಿ.
ಹತ್ತು ಬೆಕ್ಕು, ಒಂದು ಮೀನ ತಲೆ.

ಈಗ ತಟ್ಟೆಯ ನಡುವೆ ಕಲ್ಲಿಟ್ಟಿದ್ದೇನೆ,
ಸೋಮೇಶ್ವರದ ಕಡಲು ನುಣ್ಣಗೆ ಮಾಡಿದ್ದು.
ಸುತ್ತ ಮೀನು, ಚೂರು ಚೂರು.
ಕಲ್ಲಿಗೆ ಸುತ್ತು ಬಂದು, ಗೊಣಗಿ, ನೆಕ್ಕಿ,
ಬಾಗಿಲ ಕಡೆ ಕಿವಿಯಿಟ್ಟೇ ತಿನ್ನುತ್ತದೆ.
ಯಾರೂ ಬರುವುದಿಲ್ಲ ಮಾರಾಯ್ತಿ, ನಿಧಾನ ತಿನ್ನು
ಎನ್ನುವ ನಾನು
ಗಂಜಿ ಬಟ್ಟಲು ನಿಂತಲ್ಲೇ ಖಾಲಿ ಮಾಡಿದವಳು,
ಆರು ಮಕ್ಕಳ ಮನೆಯ ಐದನೆಯವಳು.

ಹತ್ತು ನಿಮಿಷ. ಹದಿನೈದು.
ಇವತ್ತು ಚಾಪೆಗೆ ಏನೂ ಆಗಿಲ್ಲ.
ಒರೆಸುವ ಬಟ್ಟೆ ಮಾತ್ರ
ಕೈಗೆ ಸಿಗುವಲ್ಲೇ ಉಂಟು.