ಐದು ನಿಮಿಷ ಮುಂದೆ

ನಾದಿನಿ ಶೆಫಿಕಾ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು.
ಕಾಫಿಗೆ ಸಕ್ಕರೆ ಹಾಕುವಾಗಲೂ ಚಮಚೆಯನ್ನು ಬೆಳಕಿಗೆ ಹಿಡಿಯುತ್ತಾಳೆ.
ಎಲೆ ಉದುರುವ ಕಾಲಕ್ಕೆ ಬಾಲ್ಕನಿಯ ಕಂಬಿಗೆ
ಸೋಪಿನ ಡಬ್ಬಿಯಷ್ಟು ಯಂತ್ರವೊಂದನ್ನು ಕಟ್ಟಿದಳು.
ಅದು ಉಸಿರೆಳೆಯುತ್ತದಂತೆ, ಎಣಿಸುತ್ತದಂತೆ,
ಫೋನಿಗೆ ಗೆರೆ ಗೆರೆಯಾಗಿ ಕಳಿಸುತ್ತದಂತೆ.
"ಎಷ್ಟು ಕೊಟ್ಟೆ ಇದಕ್ಕೆ?"
"ನಿನ್ನ ತಿಂಗಳ ಸಿಗರೇಟಿಗಿಂತ ಕಡಿಮೆ."

ನಾನು ಫೆಹಿಮ್. ಕೋಕ್ ಒಲೆಯ ಮುಂದೆ ಬೆಂದವನು.
ಈ ಬೋಸ್ನಿಯಾದ ಕಣಿವೆಯಲ್ಲಿ ಮಂಜು ಯಾವುದು, ಹೊಗೆ ಯಾವುದು
ಮೂಗಿಗೆ ಗೊತ್ತು, ಯಂತ್ರಕ್ಕೇನು ಗೊತ್ತು ಅಂದೆ.
ಯುದ್ಧದ ವರ್ಷ ಚಿಮಣಿ ತಣ್ಣಗಿತ್ತು, ಆಕಾಶ ತೊಳೆದಂತಿತ್ತು,
ಆಗ ಏನು ತಿಂದೆವು, ನೆನಪಿದೆಯೇ ಅಂದೆ.
ಒಪ್ಪಿದಳು. ಅದೇ ಅವಳ ಕೆಟ್ಟ ಗುಣ,
ಒಪ್ಪಿ, ಮತ್ತೆ ಅಲ್ಲಿಂದಲೇ ಶುರುಮಾಡುತ್ತಾಳೆ:
"ಹಸಿವು ನಿಜ. ನಿನ್ನ ಮೊಮ್ಮಗಳ ಕೆಮ್ಮೂ ನಿಜ.
ಒಂದು ಇನ್ನೊಂದನ್ನು ಅಳಿಸುವುದಿಲ್ಲ, ಫೆಹಿಮ್."

ಫೆಬ್ರವರಿ. ಪುರಸಭೆಯ ಹಾಲು, ಒದ್ದೆ ಕೋಟುಗಳ ವಾಸನೆ.
ಒಬ್ಬ ಹೇಳಿದ, ಇದೆಲ್ಲ ವಿರೋಧ ಪಕ್ಷದ ಕೈವಾಡ.
ಇನ್ನೊಬ್ಬ, ಮೊಬೈಲ್ ಟವರು ಬಂದಮೇಲೇ ಕೆಮ್ಮು ಶುರು.
ಮತ್ತೊಬ್ಬನ ಅಜ್ಜನಿಗೆ ತೊಂಬತ್ತೆರಡು, ದಿನಕ್ಕೆ ಎರಡು ಪ್ಯಾಕು,
ಇನ್ನೂ ಸೌದೆ ಸೀಳುತ್ತಾನೆ.
ಗಂಟಲು ದೊಡ್ಡದಿದ್ದವನದೇ ಪುರಾವೆ.

ಶೆಫಿಕಾ ಎದ್ದಳು.
"ಮೊದಲು ನನ್ನ ತಪ್ಪು" ಅಂದಳು.
"ದಿನಾ ಸಂಜೆ ಏಳಕ್ಕೆ ಗೆರೆ ಗುಡ್ಡದಂತೆ ಏರುತ್ತಿತ್ತು.
ಕಾರ್ಖಾನೆಯೇ ಎಂದು ಮೂರು ತಿಂಗಳು ಊರೆಲ್ಲ ಹೇಳಿದೆ.
ಮೊನ್ನೆ ಕೆಳಮನೆಯ ಹಾಜ್ರಾ ಮಗಳ ಮನೆಗೆ ಹೋದಳು.
ಗುಡ್ಡವೂ ಹೋಯಿತು.
ಅದು ಅವಳ ಒಲೆಯ ಕೊಳವೆ, ನನ್ನ ಬಾಲ್ಕನಿಯ ಕೆಳಗೇ.
ಏಳು ಗಂಟೆಯ ಲೆಕ್ಕವನ್ನು ವಾಪಸ್ ತೆಗೆದುಕೊಳ್ಳುತ್ತೇನೆ."

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪವಂತೆ.
ಇಲ್ಲಿ ಕೋಪವಿಲ್ಲ, ನಗು. ಆಮೇಲೆ ಚಪ್ಪಾಳೆ.
ನಾನೂ ತಟ್ಟಿದೆ, ಅಂಗೈ ಬಿಸಿಯಾಗುವ ತನಕ.
"ಇನ್ನೊಂದಿದೆ, ರಾತ್ರಿ ಮೂರರದು..." ಅನ್ನುತ್ತಿದ್ದಳು.
ಮೈಕು ಆಗಲೇ ಬೇರೆಯವರ ಕೈಯಲ್ಲಿತ್ತು.

ಮನೆಗೆ ಬಂದು ಮಲಗಿದೆ.
ಮೂರು ಮಲಗಲಿಲ್ಲ.

ಬೂಟಿನ ಪೆಟ್ಟಿಗೆಯಲ್ಲಿ ನನ್ನ ಪಾಳಿಯ ಡೈರಿಗಳಿವೆ.
ಮೇಲಿನಿಂದ ಫೋನು ಬಂದ ಹೊತ್ತು, ಶೋಧಕ ಬಂದ್ ಮಾಡಿದ ಹೊತ್ತು,
ನಾಲ್ಕನೆಯ ಬಾಗಿಲು ತೆರೆದ ಹೊತ್ತು.
ಸತ್ಯಕ್ಕೆಂದು ಬರೆದದ್ದಲ್ಲ.
ನಾಳೆ ಯಾರಾದರೂ ನನ್ನ ತಲೆಗೆ ಕಟ್ಟಿದರೆ ಇರಲಿ ಎಂದು.
ನಿವೃತ್ತಿ ಹೊಸವರ್ಷಕ್ಕೆ. ಅವಳ ಯಂತ್ರ ಅಕ್ಟೋಬರಿನದು.
ಎಪ್ಪತ್ತು ರಾತ್ರಿ ನಾವಿಬ್ಬರೂ,
ಒಬ್ಬರಿಗೊಬ್ಬರು ತಿಳಿಯದೆ, ಒಂದೇ ಹೊಗೆಯನ್ನು ಬರೆದಿದ್ದೆವು.

ಬೆಳಿಗ್ಗೆ ಪೆಟ್ಟಿಗೆಯನ್ನು ಅವಳ ಮೇಜಿನ ಮೇಲಿಟ್ಟೆ.
ಚಪ್ಪಾಳೆಯ ಮಾತು ಅವಳೂ ಎತ್ತಲಿಲ್ಲ, ನಾನೂ.
ಕನ್ನಡಕ ಒರೆಸಿ, ಪುಟ ಪುಟ ತಾಳೆ ನೋಡಿದಳು.
ಹತ್ತೊಂಬತ್ತು ರಾತ್ರಿ ಕೂಡಿತು.
ನಾಲ್ಕು ಕೂಡಲಿಲ್ಲ; ಆ ನಾಲ್ಕನ್ನೂ
ಅದೇ ಶಾಯಿಯಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದಳು.
ಬಿಟ್ಟುಬಿಡು, ಯಾರು ನೋಡುತ್ತಾರೆ ಅಂದೆ.
ಪಾಠ ಓದದೆ ಬಂದ ಹುಡುಗನನ್ನು ನೋಡುವಂತೆ ನೋಡಿದಳು.

ಆಮೇಲೆ ಬೆರಳು ಒಂದು ಸಾಲಿನ ಮೇಲೆ ನಿಂತಿತು.
"ಬಾಗಿಲು ತೆರೆದದ್ದು ಮೂರು ಹತ್ತಕ್ಕೆ.
ನನ್ನ ಗೆರೆ ಮೂರು ಏಳಕ್ಕೇ ಏರಿದೆ.
ಬಾಗಿಲಿಗಿಂತ ಮೊದಲು ಹೊಗೆ ಬರುವುದಿಲ್ಲ, ಫೆಹಿಮ್.
ನಿನ್ನ ಗಡಿಯಾರ ಸರಿಯಿತ್ತೇ?"

ಕೈಗಡಿಯಾರ ನೋಡಿಕೊಂಡೆ.
"ಐದು ನಿಮಿಷ ಮುಂದೆ.
ಪಾಳಿಗೆ ತಡವಾಗದಿರಲೆಂದು, ಮದುವೆಯಾದ ವರ್ಷದಿಂದ."

"ಹಾಗಾದರೆ ಹೊಗೆ ಸೇತುವೆ ದಾಟಲು ಎರಡು ನಿಮಿಷ"
ಎಂದು ತನ್ನಷ್ಟಕ್ಕೆ ಗೊಣಗಿ,
ಪೆನ್ಸಿಲನ್ನು ನನ್ನ ಕಡೆ ಉರುಳಿಸಿದಳು:
"ಕೂತುಕೋ. ಎಲ್ಲದರಲ್ಲೂ ಐದು ಕಳೆ."