ಕಟ್ಟದೆ ತಂದ ಚೀಟಿ

ಬನ್ನಿಮಂಟಪದ ಶೆಡ್ಡಿನಲ್ಲಿ ಬತ್ತಿ ಒಣಹಾಕುವಾಗೆಲ್ಲ
ನೆನಪಾಗುತ್ತದೆ ಅಸಾಕುಸಾ.
ಸೊಸೈಟಿಯಿಂದ ಮೂವರು ಹೋಗಿದ್ದೆವು ಟೋಕಿಯೋಗೆ,
ಮಳಿಗೆ ಮುಚ್ಚಿದ ಮೇಲೆ ಒಂದು ಮಧ್ಯಾಹ್ನ ಬಿಡುವು.

ಆನೆಗಾತ್ರದ ಕಾಗದದ ಲಾಂದ್ರ, ಸಾಲಂಗಡಿ,
ಗುಡಿಯ ಮುಂದೆ ಕೊಪ್ಪರಿಗೆ ತುಂಬ ಹೊಗೆ.
ನಮ್ಮ ವಾಸನೆಯಲ್ಲ, ಒಣ ಎಲೆಯಂಥದ್ದು.
ಜನ ಕೈಯಲ್ಲಿ ಬಳಿದು ಎಳೆದುಕೊಳ್ಳುತ್ತಾರೆ
ನೋಯುವ ಕಡೆಗೆ.
ಪುಟ್ಟಲಿಂಗಮ್ಮ ಮಂಡಿಗೆ ಹಿಡಿದಳು.
ನಾನು ಹೆಬ್ಬೆರಳಿಗೆ:
ಇಪ್ಪತ್ತಾರು ವರ್ಷ ಬತ್ತಿ ಹೊಸೆದು ಸವೆದು
ಆಧಾರ್ ಯಂತ್ರಕ್ಕೂ ಗುರುತು ಸಿಗದ ಬೆರಳು.

(ಪುಟ್ಟಲಿಂಗಮ್ಮ ಈಗ ಮೆಟ್ಟಿಲು ಹತ್ತುತ್ತಾಳೆ.
ರೇಷನ್ ಅಂಗಡಿಯಲ್ಲಿ ನಾನಿನ್ನೂ
ಬೆರಳು ಒರೆಸಿ ಒರೆಸಿ ಒತ್ತುತ್ತೇನೆ.)

ಅಲ್ಲೇ ನೂರು ಯೆನ್ ಹಾಕಿ ಡಬ್ಬಿ ಅಲುಗಿಸಿದೆ.
ಉದುರಿತು ಕಡ್ಡಿ, ಮಸಾಲೆ ಹಚ್ಚದ ನಮ್ಮ ಕಡ್ಡಿಯಂತೆ.
ಅದರ ನಂಬರಿನ ಚೀಟಿ, ಪ್ರಸಾದವೆಂದುಕೊಂಡು
ಪರ್ಸಿನಲ್ಲಿ ತಂದು
ದೇವರಪಟದ ಹಿಂದೆ ಸಿಕ್ಕಿಸಿದೆ.

ಮೊನ್ನೆ ಗೋಕುಲಂನಿಂದ ಬಂದಳು ಸಯಾಕಾ,
ಯೋಗ ಕಲಿಯುವ ಹುಡುಗಿ, ಬತ್ತಿ ಕೊಳ್ಳಲಿಕ್ಕೆ.
ತೋರಿಸಿದೆ. ಓದಿದಳು. ಸುಮ್ಮನಾದಳು.
'ಅಕ್ಕಾ, ಇದು ಕೆಟ್ಟದ್ದು.
ಕಳೆದದ್ದು ಸಿಗೋಲ್ಲ, ಕಾದವರು ಬರೋಲ್ಲ.
ಇಂಥದ್ದನ್ನು ಅಲ್ಲೇ ಕಂಬಿಗೆ ಕಟ್ಟಿ ಬರಬೇಕಿತ್ತು.
ಕೊಡಿ, ಊರಿಗೆ ಹೋದಾಗ ಕಟ್ಟುತ್ತೇನೆ.'

ಎರಡು ವರ್ಷ! ಅದಕ್ಕೇ ಕೈಮುಗಿದಿದ್ದೆನಲ್ಲ
ಬೆಳಗೂ ಬೈಗೂ.

ಮೂಸಿದೆ. ಕಾಗದಕ್ಕೆ ಹತ್ತಿದೆ
ನಮ್ಮ ಮರುಗದ ಬತ್ತಿಯ ಘಮ.
ಹೊಗೆಗೆ ಕೆಳಗಿನ ನಾಲ್ಕು ಸಾಲು ಮಾಸಿವೆ,
ಅಲ್ಲೇನಿತ್ತೋ, ಅವಳಿಗೂ ಓದಲಾಗಲಿಲ್ಲ.

ಕೊಡಲಿಲ್ಲ.
ಬತ್ತಿಗೆ ಹತ್ತು ರೂಪಾಯಿ ಕಡಿಮೆ ಹಿಡಿದೆ.