ಖಾಲಿ ಗಾಡಿಯ ತೂಕ

ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಕೂತವನು ನಾನು.
ಕಬ್ಬು ತುಂಬಿದ ಗಾಡಿ ಒಮ್ಮೆ, ಇಳಿಸಿದ ಗಾಡಿ ಒಮ್ಮೆ,
ಕಳೆದರೆ ಉಳಿದದ್ದು ಕಬ್ಬು.
ರಾತ್ರಿ ನೀರು ಹೊಯ್ದು ತಂದವರನ್ನು
ಹಿಂದೆ ಬಿದ್ದ ಹನಿಯ ಗೆರೆಯಲ್ಲೇ ಹಿಡಿಯುತ್ತಿದ್ದೆ.

ಈಗ ಮಂಗಳವಾರ, ಶುಕ್ರವಾರ
ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಚಪ್ಪಲಿ ಬಿಟ್ಟು
ತಕ್ಕಡಿ ಹತ್ತುವ ಲೋಡು ನಾನೇ.
ತೊಂಬತ್ತೊಂದೂವರೆ.
ನಾಲ್ಕು ಗಂಟೆ ಮಷೀನು ಹಿಂಡಿ ಬಿಟ್ಟ ಮೇಲೆ
ಎಂಬತ್ತೆಂಟು ಮುಕ್ಕಾಲು.
'ಒಣ ತೂಕ' ಅಂತ ಬರೆಯುತ್ತಾಳೆ ಜಬೀನಾ ಸಿಸ್ಟರು.
ಒಣಗಿದ್ದು ನಾಲಿಗೆ ಮಾತ್ರ, ತಾಯಿ.

ಪಕ್ಕದ ಹಾಸಿಗೆಯ ಕೆಂಪಾಚಾರಿ ನಲವತ್ತಾರು ಕೆಜಿ.
ಅವನ ಹೆಂಡತಿ ನನ್ನನ್ನು ನೋಡಿ ನೋಡಿ
'ನಿಮಗೇನಣ್ಣ, ಮೈಕೈ ತುಂಬ್ಕಂಡಿದೀರಿ' ಅಂದಳು.
ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ಒರೆಸಿದರು.
ಇಲ್ಲಿಗೆ ಬರುವವರಲ್ಲಿ ದಪ್ಪಗಿದ್ದವರು
ಒಮ್ಮೊಮ್ಮೆ ಹೆಚ್ಚು ದಿನ ತಾಳುವುದುಂಟು,
ಯಾಕೆಂದು ನಮಗೂ ಪೂರ್ತಿ ತಿಳಿಯದು,
ಆದರೆ ನಿಮ್ಮ ಹೊಟ್ಟೆ ನನಗೆ ಹಿಡಿಸಿಲ್ಲ ಅಂದರು.

ಆಮೇಲೆ ಬಂತು ಟೇಪು.
ಜಬೀನಾಳ ಅಪ್ಪ ಪೇಟೆಬೀದಿಯಲ್ಲಿ ಟೈಲರು,
ಹಳದಿ ಟೇಪಿನಲ್ಲಿ ಮೊದಲ ನಾಲ್ಕು ಅಂಕಿ ಸವೆದಿವೆ.
ಹೊಟ್ಟೆ ಒಳಗೆಳೆದುಕೊಂಡೆ.
'ತಾತಾ, ನೀರು ಹೊಯ್ದ ಗಾಡಿ ಹಿಡಿದೋರು ನೀವು!'
ಉಸಿರು ಬಿಟ್ಟೆ. ನೂರ ಎಂಟು.
ತೋಳು ಅಳೆದಳು, ಏನೂ ಹೇಳಲಿಲ್ಲ.
ಕೈಗೊಂದು ಹಿಡಿಕೆ ಕೊಟ್ಟು ಅಮುಕಿ ಅಂದಳು.
ಚೀಲ ಎತ್ತಿದ ಕೈ, ಬ್ರೇಕಿಲ್ಲದ ಗಾಡಿ ತಡೆದ ಕೈ.
ಮುಳ್ಳು ಹದಿನಾರಕ್ಕೆ ನಡುಗಿ ನಿಂತಿತು.

ಬೇರೆಯವರ ಕಿಡ್ನಿ ಬೇಕಾದರೆ
ಹೊಟ್ಟೆ ಕರಗಬೇಕಂತೆ, ತೋಳು ಕರಗಬಾರದಂತೆ.
ಒಂದೇ ಗಾಡಿ, ಸ್ವಾಮಿ.
ಎಷ್ಟು ನೀರು, ಎಷ್ಟು ಕೊಬ್ಬು, ಎಷ್ಟು ನಾನು
ಅಂತ ಬಿಡಿಸಿ ಹೇಳಲು
ಇಳಿಸಿದ ಗಾಡಿಯನ್ನೊಮ್ಮೆ ತೂಗಬೇಕು.
ಆ ದಿನ ಚೀಟಿ ಹರಿದು ಕೊಡುವವನು ಬೇರೆ.

ನನ್ನ ಸೊಂಟ ಮೊದಲು ಅಳೆದವಳು ಅವ್ವ.
ವರ್ಷಕ್ಕೊಂದು ಹೊಸ ಉಡುದಾರ,
ಗಂಟು ಆಚೆ ಸರಿದಷ್ಟೂ ಅವಳ ಮುಖ ಅರಳುತ್ತಿತ್ತು:
ನನ್ ಮಗ ತುಂಬ್ಕತಾವ್ನೆ.
ಅವಳ ಲೆಕ್ಕದಲ್ಲಿ ಜಾಸ್ತಿ ಅನ್ನೋದೇ ಇರಲಿಲ್ಲ.

ರಾತ್ರಿ ಬಚ್ಚಲಲ್ಲಿ ದೀಪ ಹಾಕದೆ ನೋಡಿಕೊಂಡೆ.
ದಾರದೊಳಗೆ ಒಂದು ಬೆರಳು ತೂರಿತು.
ಹೋದ ವಾರ ತೂರುತ್ತಿರಲಿಲ್ಲ.
ಇಳಿದದ್ದು ನೀರೋ, ಕಬ್ಬೋ.
ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದೆ.